ಅಂಕ ಕೊಡಲಾರದ ಮೇಷ್ಟ್ರು

ಪತ್ರ ಬಂದಾಗ ಮೆಂಬರಮ್ಮ ವಾರ್ಡ್ ಆಫೀಸಿನಲ್ಲಿ ಒಂದು ಚರಂಡಿ ಮುಚ್ಚಳದ ವಿಷಯಕ್ಕೆ ಗುತ್ತಿಗೆದಾರನ ಬೆವರಿಳಿಸುತ್ತಿದ್ದಳು.

"ಮುಚ್ಚಳ ಹಾಕಿದ್ದೀನಿ ಮೇಡಂ. ಸರಿಯಾಗಿ ಕೂತಿಲ್ಲ, ಅಷ್ಟೇ."

"ಕೂತಿಲ್ಲ ಅಂದ್ರೆ? ನಿಂತಿದೆಯಾ? ಬನ್ನಿ, ನೀವೇ ಅದರ ಮೇಲೆ ಹತ್ತಿ ತೋರಿಸಿ. ನಾನು ಕೆಳಗೆ ಹಿಡಿದುಕೊಳ್ಳೋಕೆ ನಾಲ್ಕು ಜನ ಕಳಿಸ್ತೀನಿ."

ಅಷ್ಟರಲ್ಲಿ ಅಂಚೆಯವರು ಲಕೋಟೆಯೊಂದನ್ನು ಮೇಜಿನ ಮೇಲಿಟ್ಟು ಹೋದರು. ತರಬೇತಿ ಕೇಂದ್ರದ ಮುದ್ರೆ ಇತ್ತು. ಮೆಂಬರಮ್ಮ ಅವಸರದಲ್ಲಿ ಒಡೆದಳು, ಓದಿದಳು, ಹಾಗೇ ಕುರ್ಚಿಯಲ್ಲಿ ಕುಸಿದಳು. ಗುತ್ತಿಗೆದಾರ ಸಮಯಸಾಧಕ. "ಬರ್ತೀನಿ ಮೇಡಂ" ಎಂದು ಮೆಲ್ಲಗೆ ಜಾರಿಕೊಂಡ. ಅವಳಿಗೆ ಅದು ಗೊತ್ತಾಗಲಿಲ್ಲ.

ಪತ್ರದಲ್ಲಿ ಹೀಗಿತ್ತು: "ತರಬೇತಿ ಅಂಕಗಳನ್ನು ನೀಡಬೇಕಾದ ಸದಸ್ಯರು, ನಿಮ್ಮ ವಿಷಯದಲ್ಲಿ ನಿಷ್ಪಕ್ಷಪಾತವಾಗಿ ನಡೆದುಕೊಳ್ಳಲು ತಮ್ಮಿಂದ ಸಾಧ್ಯವಿಲ್ಲವೆಂದು ಲಿಖಿತವಾಗಿ ತಿಳಿಸಿ ಹಿಂದೆ ಸರಿದಿರುತ್ತಾರೆ. ಅವರು ನೀಡಿದ ಅಂಕಗಳನ್ನು ರದ್ದುಪಡಿಸಲಾಗಿದೆ. ತಾವು ಹತ್ತು ದಿನಗಳ ನಂತರ ಹೊಸ ಸಮಿತಿಯ ಮುಂದೆ ಸಂದರ್ಶನಕ್ಕೆ ಹಾಜರಾಗತಕ್ಕದ್ದು."

ಸದಸ್ಯರು ಎಂದರೆ ಬೇರೆ ಯಾರೂ ಅಲ್ಲ, ಮೇಷ್ಟ್ರು.

ಐದು ತಿಂಗಳಿಂದ ಪ್ರತಿ ಶನಿವಾರ, ಭಾನುವಾರ ಆ ಕೇಂದ್ರದಲ್ಲಿ ಮೂವತ್ತು ಜನರಿಗೆ ಪಾಠ ನಡೆದಿತ್ತು. ಜನರ ನಡುವೆ ಕೆಲಸ ಮಾಡುವವರು, ಆದರೆ ದೊಡ್ಡ ಕಾಲೇಜಿನ ಮೆಟ್ಟಿಲು ಹತ್ತದವರು, ಅಥವಾ ಹತ್ತಲು ಮೆಟ್ಟಿಲೇ ಅಡ್ಡಿಯಾದವರು, ಅಂಥವರಿಗೆಂದೇ ಇದ್ದ ಕಾರ್ಯಕ್ರಮ. ಕೊನೆಗೆ ಹನ್ನೆರಡು ಜನರನ್ನು ಆರಿಸಿ ಆರು ತಿಂಗಳು ಹೊರದೇಶದ ನಗರಾಡಳಿತ ಕಚೇರಿಗಳಿಗೆ ಕಳಿಸುತ್ತಾರೆ; ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಪರೀಕ್ಷೆ ಮತ್ತು ಕ್ಷೇತ್ರಕಾರ್ಯಕ್ಕೆ ಅರವತ್ತು ಅಂಕ, ಉಳಿದ ನಲವತ್ತು ತರಬೇತಿ ಕೊಟ್ಟ ಮೇಷ್ಟ್ರ ಕೈಯಲ್ಲಿ. ಹನ್ನೆರಡು ಜನರಿಗೆ ಮಾರ್ಗದರ್ಶಕರಾಗಿ ಜೊತೆಗೆ ಹೋಗುವವರೂ ಅವರೇ.

ಮೆಂಬರಮ್ಮ ಹನ್ನೆರಡು ವರ್ಷ ಬೀದಿ ಗುಡಿಸಿದವಳು. ಸಂಜೆ ಕಾಲೇಜಿನಲ್ಲಿ ಕಣ್ಣು ಎಳೆಯುತ್ತಿದ್ದರೂ ಬಿ.ಎ. ಮುಗಿಸಿದವಳು. ವಾರ್ಡ್ ಚುನಾವಣೆಯಲ್ಲಿ ಗೆದ್ದ ಮೊದಲ ದಿನ ಕುರ್ಚಿ ಖಾಲಿ ಇಲ್ಲವೆಂದು ಹಿರಿಯ ಮೆಂಬರೊಬ್ಬರು ಅವಳನ್ನು ಅರ್ಧ ಗಂಟೆ ನಿಲ್ಲಿಸಿದ್ದರು. ಪಕ್ಕದಲ್ಲಿ ಮೂರು ಕುರ್ಚಿಗಳ ಮೇಲೆ ಅವರ ಫೈಲುಗಳು ಕೂತಿದ್ದವು. ಅಂಥವರನ್ನು ಕಂಡು ಅವಳಿಗೆ ಅಭ್ಯಾಸವಾಗಿತ್ತು. ಅಭ್ಯಾಸವಾಗದೆ ಇದ್ದದ್ದು ಇದು: ಮೇಷ್ಟ್ರೂ ಆ ಪೈಕಿಯೇ ಎನ್ನುವುದು.

---

"ಯಾರು? ನಮ್ಮ ಬೀದಿಗೆ ಬಂದಿದ್ರಲ್ಲ, ಆ ಮೇಷ್ಟ್ರಾ?" ಅಮ್ಮ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು. ಅವಳೂ ಪೌರಕಾರ್ಮಿಕಳಾಗಿದ್ದು ನಿವೃತ್ತಳಾದವಳು. ಈಗ ಬೀದಿಯವರ ಹರಿದ ಕೆಲಸದ ಜಾಕೆಟ್‌ಗಳಿಗೆಲ್ಲ ತೇಪೆ ಹಾಕುವುದು ಅವಳ ಪಾಲಿಗೆ ಬಂದಿತ್ತು. "ಹೋಗೇ. ಅವರು ಅಂಥವರಲ್ಲ."

"ಒಂದು ದಿನ ನೋಡಿದ್ದಕ್ಕೆ ನಿನಗೆಲ್ಲ ಗೊತ್ತಾಗಿಬಿಡ್ತಾ?"

"ಪೊರಕೆ ಹಿಡಿಯೋದ್ರಲ್ಲೇ ಮನುಷ್ಯ ಗೊತ್ತಾಗ್ತಾನೆ ಕಣೇ."

ಆ ದಿನ ಮೆಂಬರಮ್ಮನಿಗೂ ಚೆನ್ನಾಗಿ ನೆನಪಿತ್ತು. ತರಬೇತಿಯಲ್ಲಿ ಒಂದು ಪದ್ಧತಿ ಇತ್ತು; ಪ್ರತಿಯೊಬ್ಬ ಅಭ್ಯರ್ಥಿಯೂ ಮೇಷ್ಟ್ರನ್ನು ಒಂದು ದಿನ ತನ್ನ ಕೆಲಸದ ಜಾಗಕ್ಕೆ ಕರೆದೊಯ್ಯಬೇಕು, ಆ ದಿನ ಅಭ್ಯರ್ಥಿಯೇ ಗುರು, ಮೇಷ್ಟ್ರು ಶಿಷ್ಯ. ತಾನು ಹಿಂದೆ ಗುಡಿಸುತ್ತಿದ್ದ ಬೀದಿಗೇ ಬೆಳಿಗ್ಗೆ ಐದೂವರೆಗೆ ಬನ್ನಿ ಎಂದಿದ್ದಳು. ಅವರು ಐದಕ್ಕೇ ಬಂದು ಬೀದಿದೀಪದ ಕಂಬದ ಪಕ್ಕ ಇನ್ನೊಂದು ಕಂಬದ ಹಾಗೆ ನಿಂತಿದ್ದರು.

"ಸರ್, ಪೊರಕೆ ನಿಮ್ಮ ಕೈಯಲ್ಲಿ ಪೆನ್ನಿನ ಹಾಗಿದೆ," ಎಂದಿದ್ದಳು.

"ಹೇಗಿರ್ಬೇಕು?"

"ಪೊರಕೆ ಹಾಗೆ."

ಅವರು ನಕ್ಕಿದ್ದರು. ನಕ್ಕಾಗ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಎರಡೂ ಕೈ ಧೂಳಾಗಿದ್ದರಿಂದ ಮೊಣಕೈಯಿಂದ ಮೇಲೇರಿಸಲು ಹೋಗಿ ಹಣೆಗೆಲ್ಲ ಮಸಿ ಬಳಿದುಕೊಂಡಿದ್ದರು. ಅವಳಿಗೆ ಒರೆಸಬೇಕೆನಿಸಿತ್ತು. ಸೆರಗಿನ ತುದಿ ಕೈಗೆ ಬಂದೂ ಬಂದಿತ್ತು. ಬೀದಿಯ ಹೆಂಗಸರೆಲ್ಲ ಪೊರಕೆ ನಿಲ್ಲಿಸಿ ನೋಡುತ್ತಿದ್ದುದರಿಂದ ಕೈಯನ್ನು ಅರ್ಧದಲ್ಲೇ ತಿರುಗಿಸಿ ತನ್ನ ಹಣೆಯನ್ನೇ ಒರೆಸಿಕೊಂಡಿದ್ದಳು.

ಬಂದವರೆಲ್ಲ ಕಸದ ತೂಕ ಕೇಳುತ್ತಾರೆ, ಗಾಡಿಗಳ ಸಂಖ್ಯೆ ಕೇಳುತ್ತಾರೆ. ಮೇಷ್ಟ್ರು ಸುತ್ತ ನೋಡಿ ಬೇರೆಯದನ್ನೇ ಕೇಳಿದ್ದರು. "ಇಷ್ಟು ಬೆಳಿಗ್ಗೆ ಎಲ್ಲ ಬಾಗಿಲೂ ಮುಚ್ಚಿರುತ್ತೆ. ಹೆಂಗಸರು ಶೌಚಾಲಯಕ್ಕೆ ಎಲ್ಲಿ ಹೋಗ್ತಾರೆ?"

ಅವಳು ಸೊಂಟದಿಂದ ಬೀಗದ ಕೈಗಳ ಗೊಂಚಲು ತೆಗೆದು ತೋರಿಸಿದ್ದಳು. ಹನ್ನೊಂದು ಬೀಗದ ಕೈ. ಅಂಗಡಿ, ಕ್ಲಿನಿಕ್, ಶಾಲೆ, ಗ್ರಂಥಾಲಯ ಅಂತ ಹನ್ನೊಂದು ಕಡೆ ಮಾಲೀಕರ ಕಾಲಿಗೆ ಬಿದ್ದು, ಕೆಲವರ ಜೊತೆ ಜಗಳಕ್ಕೂ ಬಿದ್ದು ಈಸಿಕೊಂಡದ್ದು. ಬೆಳಗಿನ ಪಾಳಿಯ ಹೆಂಗಸರಿಗೆ ಈಗ ಪ್ರತಿ ಬೀದಿಗೂ ಒಂದು ಬಾಗಿಲು ತೆರೆಯುತ್ತಿತ್ತು.

ಮೇಷ್ಟ್ರು ಆ ಗೊಂಚಲನ್ನು ಕೈಯಲ್ಲಿ ಹಿಡಿದು ಬೀಗದ ಕೈಗಳನ್ನು ಒಂದೊಂದಾಗಿ ಎಣಿಸಿದ್ದರು.

ಆಮೇಲಿಂದಲೇ ಅಲ್ಲವೇ ಅವರು ಬದಲಾದದ್ದು? ತರಗತಿಯಲ್ಲಿ ಅವಳು ಮಾತಾಡಲು ಎದ್ದರೆ ಸಾಕು, ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು. ಕಿಟಕಿಯಾಚೆ ಎದುರಿನ ಕಟ್ಟಡದ ನೀರಿನ ಟ್ಯಾಂಕ್ ಬಿಟ್ಟರೆ ಏನೂ ಇರಲಿಲ್ಲ. ನನ್ನ ಮಾತಿಗಿಂತ ಟ್ಯಾಂಕೇ ಮೇಲು ಎಂದು ಅವಳು ಆಗ ನಕ್ಕು ಸುಮ್ಮನಾಗಿದ್ದಳು. ಈಗ ನಗು ಬರಲಿಲ್ಲ.

"ನಾಳೆ ಹೋಗಿ ಮುಖದ ಮೇಲೇ ಕೇಳ್ತೀನಿ," ಎಂದಳು.

"ಕೇಳು. ಆದ್ರೆ ಉತ್ತರ ಕೇಳೋ ತನಕ ನಿಲ್ಲು. ಪ್ರಶ್ನೆ ಎಸೆದು ಓಡಿ ಬರೋ ಚಾಳಿ ಇದೆ ನಿನಗೆ."

---

ತರಬೇತಿ ಕೇಂದ್ರ ಹಿಂದೆ ಬ್ಯಾಂಕ್ ಆಗಿದ್ದ, ಲಿಫ್ಟ್ ಇದ್ದ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಬ್ಯಾಂಕಿನವರ ತಿಜೋರಿ ಕೋಣೆಯೇ ಈಗ ಗ್ರಂಥಾಲಯ. ಗೇಣು ದಪ್ಪದ ಕಬ್ಬಿಣದ ಬಾಗಿಲು, ಕಿಟಕಿ ಇಲ್ಲ. ಮೇಷ್ಟ್ರು ಒಳಗೆ ಪುಸ್ತಕ ಜೋಡಿಸುತ್ತಿದ್ದರು. ಮೂವತ್ತು ಜನರಲ್ಲಿ ಒಬ್ಬರಾದ ವಕೀಲರು ಗಾಲಿಕುರ್ಚಿಯಲ್ಲಿ ಕೂತು ತಾವು ಒಯ್ದಿದ್ದ ಪುಸ್ತಕಗಳನ್ನು ಹಿಂದಿರುಗಿಸುತ್ತಿದ್ದರು.

ಮೆಂಬರಮ್ಮ ಬಾಗಿಲಲ್ಲಿ ನಿಂತಳು. ನಿಂತ ಭಂಗಿ ನೋಡಿಯೇ ವಕೀಲರಿಗೆ ಹವಾಮಾನ ಗೊತ್ತಾಯಿತು.

"ಮೆಂಬರಮ್ಮ, ಸ್ವಲ್ಪ ದಾರಿ ಬಿಟ್ರೆ ನಾನು ಹೊರಗೆ…"

"ಬೇಡ. ನೀವು ಕೂತಿರಿ ವಕೀಲರೇ. ಒಬ್ಬರು ಸಾಕ್ಷಿ ಬೇಕು."

"ನಾನು ಕೂತೇ ಇದ್ದೀನಿ ತಾಯಿ, ಇಪ್ಪತ್ತು ವರ್ಷದಿಂದ."

ಅವಳು ಪತ್ರವನ್ನು ಮೇಷ್ಟ್ರ ಮುಂದೆ ಹಿಡಿದಳು. "ಇದು ನಿಮ್ಮದಾ?"

"ಪತ್ರ ಆಫೀಸಿಂದು," ಮೇಷ್ಟ್ರು ಹೇಳಿದರು. "ಕಾರಣ ನನ್ನದು."

"ನನ್ನ ವಿಷಯದಲ್ಲಿ ನಿಮಗೆ ನ್ಯಾಯವಾಗಿ ಅಂಕ ಕೊಡೋಕಾಗಲ್ಲ, ಹೌದಾ?"

"ಆಗಲ್ಲ."

"ಮೂವತ್ತು ಜನರಲ್ಲಿ ನನಗೊಬ್ಬಳಿಗೆ?"

"ನಿಮಗೊಬ್ಬರಿಗೆ."

ಅಷ್ಟು ನೇರವಾಗಿ ಒಪ್ಪಿಕೊಳ್ಳುತ್ತಾರೆಂದು ಅವಳು ಎಣಿಸಿರಲಿಲ್ಲ. "ಕಿಟಕಿ ನೋಡ್ಕೊಂಡು ಕೂತಿರ್ತಿದ್ರಲ್ಲ, ಆವಾಗ್ಲೇ ಗೊತ್ತಾಗ್ಬೇಕಿತ್ತು ನನಗೆ. ನನ್ನ ಮುಖ ನೋಡೋಕೂ ಆಗ್ತಿರಲಿಲ್ಲ ನಿಮಗೆ."

"ಹೌದು. ಆಗ್ತಿರಲಿಲ್ಲ."

"ಅಯ್ಯೋ ಮೇಷ್ಟ್ರೇ!" ವಕೀಲರು ಹಣೆ ಚಚ್ಚಿಕೊಂಡರು. "ಪೂರ್ತಿ ಹೇಳ್ರೀ. ಹೀಗೆ ಅರ್ಧರ್ಧ ಹೇಳಿದ್ರೆ ಗೆಲ್ಲೋ ಕೇಸೂ ಸೋಲ್ತೀರಿ."

ಮೇಷ್ಟ್ರು ಕೈಯಲ್ಲಿದ್ದ ಪುಸ್ತಕವನ್ನು ಕಪಾಟಿನಲ್ಲಿಟ್ಟರು. ತಲೆಕೆಳಗಾಗಿ ಇಟ್ಟರು. ಮತ್ತೆ ತೆಗೆದು ಸರಿಯಾಗಿ ಇಟ್ಟರು. "ಒಬ್ಬರ ಮೇಲೆ ದ್ವೇಷ ಇದ್ರೆ ಮಾತ್ರ ಪಕ್ಷಪಾತ ಅಂತ ಯಾಕೆ ಅಂದುಕೊಂಡ್ರಿ?"

"ಬೇರೆ ಥರದ್ದನ್ನ ನಾನು ನೋಡಿಲ್ಲ."

ಆ ಮಾತಿಗೆ ಅವರು ತಲೆ ಎತ್ತಿದರು. ಆ ಕೋಣೆಯಲ್ಲಿ ನೋಡಲು ಕಿಟಕಿ ಇರಲಿಲ್ಲ. ಅವಳನ್ನೇ ನೋಡಬೇಕಾಯಿತು. ಕಿವಿಯ ತುದಿಯಿಂದ ಶುರುವಾದ ಕೆಂಪು ಕೆನ್ನೆಗಿಳಿದು, ಕತ್ತಿಗಿಳಿದು, ಅಂಗಿಯ ಕಾಲರಿನೊಳಗೆ ಹೋಯಿತು.

"ಇದೆ," ಎಂದರು. "ಬೇರೆ ಥರದ್ದೂ ಇದೆ. ಫಾರಂನಲ್ಲಿ… ಕಾರಣ ಬರೀರಿ ಅಂತ ಒಂದು ಜಾಗ ಇತ್ತು. ಅಲ್ಲಿ ಬರೆದಿದ್ದೀನಿ."

ವಕೀಲರು ಕೈಗೆ ಸಿಕ್ಕ ಪುಸ್ತಕ ತೆರೆದು ಮುಖ ಮುಚ್ಚಿಕೊಂಡರು.

ಆ ಕಾರಣ ಏನೆಂದು ಮೆಂಬರಮ್ಮನಿಗೆ ಹೊಳೆಯಿತು. ಅದು ಸಂತೋಷವೋ ಏನೋ ನೋಡಲು ಅವಳಿಗೆ ಪುರುಸೊತ್ತಾಗಲಿಲ್ಲ. ಹಿಂದೆಯೇ ಕೋಪ ಬಂತು, ಮೊದಲಿನದಕ್ಕಿಂತ ದೊಡ್ಡದು.

"ಯಾರ್ಯಾರು ಓದಿದ್ದಾರೆ ಅದನ್ನ?"

"ಡೈರೆಕ್ಟರ್ ಮೇಡಂ. ಹೊಸ ಸಮಿತಿಯ ಇನ್ನಿಬ್ಬರು. ಆಫೀಸಿನ ಗುಮಾಸ್ತರು, ಮತ್ತೆ… ಟೈಪ್ ಮಾಡಿದವರು."

"ಐದು ಜನ. ನನಗಿಂತ ಮೊದಲು ಐದು ಜನ."

"ಟೈಮ್ ಇರಲಿಲ್ಲ. ಅಂಕಪಟ್ಟಿ ಕೊಡೋಕೆ ಅವತ್ತೇ ಕೊನೇ ದಿನ…"

"ಐದು ತಿಂಗಳಿತ್ತು ಸರ್!"

ಮೇಷ್ಟ್ರು ಕಪಾಟಿನಿಂದ ಅದೇ ಪುಸ್ತಕವನ್ನು ಮತ್ತೆ ಹೊರಗೆಳೆದರು.

"ನಿಮ್ಮ ಮನಸ್ಸಾಕ್ಷಿ ತೊಳೆದ ನೀರನ್ನ ನನ್ನ ತಲೆ ಮೇಲೆ ಸುರಿದ್ರಿ," ಎಂದಳು ಅವಳು. "ನೀವು ಶುದ್ಧ ಆದ್ರಿ. ನಾನು? ನಾಳೆ ಆಯ್ಕೆ ಆದ್ರೆ 'ಮೇಷ್ಟ್ರ ಕಡೆಯವಳು, ಅದಕ್ಕೇ ಆಯ್ತು' ಅಂತಾರೆ. ಆಗದಿದ್ರೆ 'ಮೇಷ್ಟ್ರ ಕಡೆಯವಳಾದ್ರೂ ಆಗಲಿಲ್ಲ' ಅಂತಾರೆ. ಗುಡಿಸೋಳು ತಾನಾಗಿ ಹೋದಳು ಅಂತ ಯಾರಾದ್ರೂ ಅಂತಾರಾ? ಆ ಒಂದು ಮಾತಿಗೋಸ್ಕರ ಐದು ತಿಂಗಳು ಬಂದಿದ್ದೆ ನಾನು."

"ಕ್ಷಮಿಸಿ, ಮೆಂಬರ್."

"ಅದನ್ನೂ ಒಂದು ಫಾರಂನಲ್ಲಿ ಬರೆದು ಕೊಡಿ. ಆರನೆಯವಳಾಗಿ ನಾನೂ ಓದ್ತೀನಿ."

ಅಮ್ಮ ಹೇಳಿದ್ದನ್ನು ಮರೆತು, ಉತ್ತರಕ್ಕೆ ನಿಲ್ಲದೆ ಹೊರಟುಬಿಟ್ಟಳು.

ಬಸ್ಸಿನಲ್ಲಿ ಜಾಗ ಸಿಕ್ಕಿತು. ಎರಡು ನಿಲ್ದಾಣದವರೆಗೂ ಕೋಪ ಹಾಗೇ ಇತ್ತು. ಮೂರನೇ ನಿಲ್ದಾಣದಲ್ಲಿ ಪಕ್ಕದ ಹೆಂಗಸು, "ಏನಮ್ಮ, ಒಬ್ಬಳೇ ನಗ್ತಿದ್ದೀಯಾ?" ಎಂದಳು. ಮೆಂಬರಮ್ಮ ಬೆಚ್ಚಿ ಬಾಯಿ ಮುಟ್ಟಿ ನೋಡಿಕೊಂಡಳು. ನಿಜವೇ. ಕೋಪ ಅದರ ಪಾಡಿಗೆ ಅದು ಕುದಿಯುತ್ತಿತ್ತು, ಬಾಯಿ ಅದರ ಪಾಡಿಗೆ ಅದು ನಗುತ್ತಿತ್ತು.

---

ಹತ್ತು ದಿನ ಅವಳು ಕಷ್ಟಪಟ್ಟಳು. ವಾರ್ಡಿನ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಅಮ್ಮನೇ ಸಮಿತಿ. ಅಮ್ಮ ತೊಡೆಯ ಮೇಲೆ ಜಾಕೆಟ್ ಹರಡಿಕೊಂಡು, ಹುಬ್ಬು ಗಂಟಿಕ್ಕಿ, "ಹೂಂ, ಹೇಳಮ್ಮ, ನಿನ್ನಂಥೋಳು ಹೊರದೇಶಕ್ಕೆ ಹೋಗಿ ಏನು ಕಡಿದು ಗುಡ್ಡೆ ಹಾಕ್ತೀಯ?" ಎಂದು ಕೇಳುತ್ತಿದ್ದಳು.

"ಸಮಿತಿಯವರು ಹಾಗೆ ಕೇಳಲ್ಲ ಅಮ್ಮ."

"ಬಾಯಲ್ಲಿ ಕೇಳಲ್ಲ. ಹೊಟ್ಟೆಯೊಳಗೆ ಕೇಳ್ತಾರೆ. ನೀನು ಅದಕ್ಕೆ ಉತ್ತರ ಕೊಡು."

ವಕೀಲರು ಎರಡು ಸಂಜೆ ಬಂದು ಅಡ್ಡಪ್ರಶ್ನೆ ಹಾಕಿದರು. ಹೊರಡುವಾಗ ಒಂದು ಮಾತು ಹೇಳಿದರು. "ಮೇಷ್ಟ್ರ ಪರವಾಗಿ ನಾನು ವಾದ ಮಾಡಲ್ಲ. ಅವರು ನನಗೆ ವಕಾಲತ್ತು ಕೊಟ್ಟಿಲ್ಲ. ಆದ್ರೆ ನಿಮ್ಮ ಹೆಸರು ಎತ್ತಿದ್ರೆ ಕುಡೀತಿರೋ ಟೀ ಮೂಗಿಗೆ ಹತ್ತಿಸಿಕೊಳ್ತಾರೆ. ಇದು ವಾದ ಅಲ್ಲ, ಕಣ್ಣಾರೆ ಕಂಡದ್ದು."

ಮೇಷ್ಟ್ರು ಫೋನ್ ಮಾಡಲಿಲ್ಲ. ಮಾಡಬಾರದೆಂಬ ನಿಯಮವಿತ್ತು. ಮಾಡಿದ್ದರೆ ಅವಳು ಎತ್ತುತ್ತಿರಲಿಲ್ಲ. ಆದರೂ ಪ್ರತಿ ಸಲ ಫೋನ್ ಬಡಿದಾಗ ಹೆಸರು ನೋಡಿಯೇ ಎತ್ತುತ್ತಿದ್ದಳು. ಬೀದಿದೀಪದ ದೂರು ಹೇಳಲು ಕರೆ ಮಾಡಿದವರಿಗೆ ಮೆಂಬರಮ್ಮನ ದನಿ ಯಾಕೆ ಸಪ್ಪಗಾಯಿತೆಂದು ಅರ್ಥವಾಗುತ್ತಿರಲಿಲ್ಲ.

ಸಂದರ್ಶನದ ಹಿಂದಿನ ದಿನ ಪ್ರವೇಶಪತ್ರ ತರಲು ಕೇಂದ್ರಕ್ಕೆ ಹೋದಳು. ಉದ್ದನೆಯ ಮೊಗಸಾಲೆ. ಆ ತುದಿಯಿಂದ ಮೇಷ್ಟ್ರು ಬರುತ್ತಿದ್ದರು. ಇವಳನ್ನು ಕಂಡದ್ದೇ ಗಕ್ಕನೆ ನಿಂತು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಕೊನೆಗೆ ಸ್ಟೇಷನರಿ ಇಡುವ ಸಣ್ಣ ಕೋಣೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಯಾರಾದರೂ ಕಂಡು, ಮೆಂಬರಮ್ಮನಿಗೆ ಪ್ರಶ್ನೆ ಹೇಳಿಕೊಟ್ಟರು ಎಂದಾರು ಎಂಬ ಭಯ.

ಅವಳು ಆ ಬಾಗಿಲ ಮುಂದೆ ಹಾದುಹೋಗುವಾಗ ನಡಿಗೆ ತಾನಾಗಿ ನಿಧಾನವಾಯಿತು. ಒಳಗೆ ಏನೋ ಡಬ್ಬಿ ಬಿದ್ದು ನೂರಾರು ಗುಂಡುಸೂಜಿ ಚೆಲ್ಲಿದ ಸದ್ದಾಯಿತು. ಆಮೇಲೆ ಸದ್ದಿಲ್ಲ. ಅವರು ಕತ್ತಲಲ್ಲಿ ಉಸಿರು ಬಿಗಿಹಿಡಿದು ನಿಂತಿರುವುದು ಬಾಗಿಲಿನ ಈಚೆಗೂ ಗೊತ್ತಾಗುತ್ತಿತ್ತು.

ಮೆಂಬರಮ್ಮ ಸೆರಗು ಬಾಯಿಗಿಟ್ಟುಕೊಂಡು ಬೇಗಬೇಗ ಮೆಟ್ಟಿಲಿಳಿದಳು.

---

ಸಮಿತಿಯಲ್ಲಿ ಮೂವರಿದ್ದರು. ನಡುವೆ ಡೈರೆಕ್ಟರ್ ಮೇಡಂ, ಬಲಕ್ಕೆ ಒಬ್ಬ ನಿವೃತ್ತ ನ್ಯಾಯಾಧೀಶರು, ಎಡಕ್ಕೆ ಕಾರ್ಯಕ್ರಮ ನಡೆಸುವ ಹೊರದೇಶದ ಸಂಸ್ಥೆಯ ಪ್ರತಿನಿಧಿ, ಆಕೆಯ ಹಿಂದೆ ದುಭಾಷಿ.

"ಅಲ್ಲಿ ಏನು ಕಲೀಬೇಕು ಅಂತಿದ್ದೀರಿ?" ಪ್ರತಿನಿಧಿಯ ಪ್ರಶ್ನೆಯನ್ನು ದುಭಾಷಿ ಹೇಳಿದರು.

"ನೀವು ಕಳಿಸೋ ಊರಲ್ಲಿ ಬೀದಿ ಗುಡಿಸೋರೇ ಸಂಘ ಕಟ್ಟಿಕೊಂಡು ಟೆಂಡರ್ ಹಿಡೀತಾರಂತೆ. ನಮ್ಮಲ್ಲಿ ಗುಡಿಸೋರು ಒಬ್ಬರು, ಬಿಲ್ ಮಾಡೋರು ಇನ್ನೊಬ್ಬರು. ಅಲ್ಲಿ ಅದು ಹೇಗೆ ನಡೆಯುತ್ತೆ, ಜಗಳ ಬಂದ್ರೆ ಹೇಗೆ ಬಗೆಹರಿಸ್ತಾರೆ, ಒಳಗೆ ಕೂತು ನೋಡ್ಬೇಕು. ಪುಸ್ತಕದಲ್ಲಿ ಗೆದ್ದದ್ದು ಮಾತ್ರ ಬರೆದಿರ್ತಾರೆ."

"ಅವರಿಗೆ ನೀವು ಏನು ಕೊಡ್ತೀರಿ?"

ಅವಳು ಹನ್ನೊಂದು ಬೀಗದ ಕೈಗಳ ಕಥೆ ಹೇಳಿದಳು. ಪ್ರತಿನಿಧಿ ಬರೆಯುವುದನ್ನು ನಿಲ್ಲಿಸಿ ಕೇಳಿದಳು. ಡೈರೆಕ್ಟರ್ ಮೇಡಂ ಗಡಿಯಾರ ತೋರಿಸುವವರೆಗೂ ಮೆಂಬರಮ್ಮ ಹೇಳುತ್ತಲೇ ಇದ್ದಳು.

ಆಗ ನ್ಯಾಯಾಧೀಶರು ಗಂಟಲು ಸರಿಮಾಡಿಕೊಂಡರು. "ಇದು ಕೇಳಲೇಬೇಕಾದ ಪ್ರಶ್ನೆ, ತಪ್ಪು ತಿಳೀಬೇಡಿ. ನಿಮ್ಮ ತರಬೇತುದಾರರು ನಿಮ್ಮ ವಿಷಯದಲ್ಲಿ ಒಂದು ವೈಯಕ್ತಿಕ ಕಾರಣ ಕೊಟ್ಟಿದ್ದಾರೆ. ತರಬೇತಿ ಸಮಯದಲ್ಲಿ ಅದು ನಿಮಗೆ ಗೊತ್ತಿತ್ತೇ?"

ಇದೇ ಪ್ರಶ್ನೆಗೆ ಅವಳು ಹತ್ತು ದಿನ ಹೆದರಿದ್ದಳು. ಅಳಬಾರದು, ರೇಗಬಾರದು, ಎರಡಕ್ಕೂ ಆಮೇಲೆ ಸಮಯವಿದೆ.

"ಇಲ್ಲ ಸರ್. ನನಗೆ ಹೇಳೋಕೆ ಮೊದಲು ಅವರು ನಿಮಗೆ ಹೇಳಿದ್ದಾರೆ. ಈ ವಿಷಯದಲ್ಲಿ ಇವತ್ತಿಗೂ ನನಗಿಂತ ನಿಮಗೇ ಹೆಚ್ಚು ಗೊತ್ತು."

ದುಭಾಷಿ ಅದನ್ನು ಹೇಳಿ ಮುಗಿಸುವ ಮೊದಲೇ ನಕ್ಕುಬಿಟ್ಟರು. ಪ್ರತಿನಿಧಿಯೂ ನಕ್ಕಳು. ನ್ಯಾಯಾಧೀಶರು ನಗಲಿಲ್ಲ, ಆದರೆ ಕಾಗದದ ಮೇಲೆ ಏನೋ ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು.

---

ನಾಲ್ಕು ದಿನದ ನಂತರ ಪಟ್ಟಿ ಬಂತು. ಹನ್ನೆರಡು ಹೆಸರು. ವಕೀಲರದು ಮೂರನೆಯದು, ಅವಳದು ಏಳನೆಯದು. ಹೊಸ ಸಮಿತಿ ಅವಳಿಗೆ ನಲವತ್ತಕ್ಕೆ ಮೂವತ್ತೈದು ಕೊಟ್ಟಿತ್ತು.

ಡೈರೆಕ್ಟರ್ ಮೇಡಂ ತಮ್ಮ ಕೋಣೆಗೆ ಕರೆದು ಕೈ ಕುಲುಕಿದರು. ಆಮೇಲೆ ಒಂದು ಫೈಲನ್ನು ಅವಳ ಕಡೆ ತಳ್ಳಿದರು. "ನಿಮ್ಮ ಫೈಲು. ಆಯ್ಕೆ ಮುಗಿದ ಮೇಲೆ ನೋಡೋ ಹಕ್ಕು ನಿಮಗಿದೆ. ನೋಡ್ಲೇಬೇಕು ಅಂತಿಲ್ಲ."

ಅವಳು ತೆರೆದಳು. ಮೇಷ್ಟ್ರ ಗುಂಡಗಿನ ಅಕ್ಷರ. ಕಾರಣ ಎಂಬ ಸಣ್ಣ ಜಾಗದಲ್ಲಿ ಹಿಡಿಸದೆ ಅಂಚಿನಲ್ಲೂ ಬರೆದಿದ್ದರು.

"ಸದರಿ ಅಭ್ಯರ್ಥಿಯನ್ನು ನಾನು ಪ್ರೀತಿಸುತ್ತೇನೆ. ಇದು ಅವರಿಗೆ ತಿಳಿದಿರುವುದಿಲ್ಲ. ತಿಳಿಸುವ ಧೈರ್ಯ ನನಗೆ ಬಂದಿರುವುದಿಲ್ಲ. ಈ ಕಾರಣದಿಂದ ಹೆಚ್ಚು ಅಂಕ ಕೊಟ್ಟುಬಿಟ್ಟೇನೆಂದು ಹೆದರಿ ಮೊದಲು ಇಪ್ಪತ್ತಾರು ಅಂಕ ನೀಡಿದ್ದೆ. ಬೇರೆಯವರ ಉತ್ತರಗಳೊಂದಿಗೆ ಹೋಲಿಸಿ ನೋಡಲಾಗಿ, ಹತ್ತು ಅಂಕ ಕಡಿಮೆ ನೀಡಿ ಅನ್ಯಾಯ ಮಾಡಿರುವುದು ಕಂಡುಬಂದಿತು. ಈಗ ತಿದ್ದಿದರೆ ಅದು ನ್ಯಾಯವೋ ಪ್ರೀತಿಯೋ ಎಂದು ನನಗೇ ಹೇಳಲು ಬರುವುದಿಲ್ಲ. ಆದುದರಿಂದ ಹಿಂದೆ ಸರಿಯುತ್ತಿದ್ದೇನೆ. ಇದರಲ್ಲಿ ಅಭ್ಯರ್ಥಿಯ ತಪ್ಪು ಏನೂ ಇಲ್ಲ."

ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆದಿತ್ತು.

"ಇಪ್ಪತ್ತಾರರಲ್ಲಿ ನೀವು ಪಟ್ಟಿಗೆ ಬರ್ತಿರಲಿಲ್ಲ," ಮೇಡಂ ಹೇಳಿದರು. "ಅವರು ಬಾಯಿ ಮುಚ್ಕೊಂಡಿದ್ರೆ ನೀವು ಇಲ್ಲೇ ಉಳೀತಿದ್ರಿ. ಅವರು ವಿಮಾನ ಹತ್ತುತ್ತಿದ್ರು."

"ಅವರು ಹೋಗ್ತಿಲ್ವಾ?"

"ಫಾರಂ ಕೊಟ್ಟ ಮೇಲೆ ಆ ತಂಡದ ಜೊತೆ ಹೋಗೋ ಹಾಗಿಲ್ಲ. ನಾನು ಮೊದಲೇ ಹೇಳಿದ್ದೆ. ಎರಡು ವರ್ಷದಿಂದ ಆ ಪ್ರವಾಸಕ್ಕೆ ಕಾಯ್ತಿದ್ದ ಮನುಷ್ಯ. 'ಗೊತ್ತು ಮೇಡಂ' ಅಂತ ಹೇಳಿ ಸಹಿ ಹಾಕಿದ್ರು." ಮೇಡಂ ಕನ್ನಡಕ ತೆಗೆದು ಒರೆಸಿದರು. "ಸಹಿ ಹಾಕಿದ ಮೇಲೆ ಅರ್ಧ ಗಂಟೆ ಇಲ್ಲೇ ಕೂತು, ಹಾಕಿದ್ದು ಸರಿನೋ ತಪ್ಪೋ ಅಂತ ನನ್ನ ತಲೆ ತಿಂದ್ರು. ಅದು ಬೇರೆ ವಿಷಯ."

---

ಮೇಷ್ಟ್ರು ತರಗತಿಯಲ್ಲಿದ್ದರು. ಸೋಮವಾರ ಹೊರದೇಶದ ಹತ್ತು ಜನ ಬರುವವರಿದ್ದರು. ಅವರಿಗಾಗಿ ಮೇಜುಗಳ ಮೇಲೆ ಎರಡು ಭಾಷೆಯ ನಾಮಫಲಕಗಳನ್ನು ಇಡುತ್ತಿದ್ದರು. ಅಗ್ನಿಶಾಮಕ ದಳದವರು, ಸೂಲಗಿತ್ತಿ, ರೈಲ್ವೆ ಸಂಘದವರು. ಸಾಲು ನೆಟ್ಟಗಿದೆಯೇ ಎಂದು ಬಗ್ಗಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ನಲವತ್ತಕ್ಕೆ ಇಪ್ಪತ್ತಾರಾ?"

ಕೈಯಲ್ಲಿದ್ದ ಫಲಕಗಳೆಲ್ಲ ನೆಲಕ್ಕೆ ಬಿದ್ದವು.

"ಫೈಲ್ ನೋಡಿದ್ರಾ?"

"ನೋಡಿದೆ. ಸದರಿ ಅಭ್ಯರ್ಥಿ ನೋಡಬಹುದಂತೆ." ಅವಳು ಒಳಗೆ ಬಂದು ಮುಂದಿನ ಸಾಲಿನ ಮೇಜಿಗೆ ಒರಗಿ ನಿಂತಳು. "ನಿಜವಾಗಿ ಎಷ್ಟು ಹಾಕ್ಬೇಕಿತ್ತು?"

"ಮೂವತ್ತಾರು."

"ಉಳಿದ ನಾಲ್ಕು ಎಲ್ಲಿ ಹೋಯ್ತು?"

"ನೀವು ಟೈಮ್ ಮೀರಿ ಮಾತಾಡ್ತೀರಿ," ಮೇಷ್ಟ್ರು ಪ್ರಾಮಾಣಿಕವಾಗಿ ಹೇಳಿದರು. "ಇಪ್ಪತ್ತು ನಿಮಿಷ ಅಂದ್ರೆ ಇಪ್ಪತ್ತೆಂಟು ತಗ್ತೀರಿ. ಪ್ರತಿ ಸಲ."

"ಪ್ರೀತಿಸಿದವಳಿಗೂ ನಾಲ್ಕು ಅಂಕ ಕಡಿಮೆನಾ?"

"ಪ್ರೀತಿಸ್ತೀನಿ ಅಂತ ಇಪ್ಪತ್ತೆಂಟು ನಿಮಿಷ ಇಪ್ಪತ್ತಾಗುತ್ತಾ?"

ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೆ ಕೇಳಿಸಿತು. ಅವಳಿಗಂತೂ ಮೊದಲೇ ಕೇಳಿಸಿತ್ತು. ಹೊರಗೆ ಬೀದಿಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಬರುತ್ತ ಪೀಂ ಪೀಂ ಎನ್ನುತ್ತಿತ್ತು.

"ನೋಡಿ, ಬಾಯಲ್ಲಿ ಹೇಳೋದು ಇಷ್ಟೇ," ಎಂದಳು ಮೆಂಬರಮ್ಮ. "ಇದಕ್ಕೆ ಸೀಲು, ಸಹಿ ಏನೂ ಬೇಡ."

"ನನಗೆ ಹಾಗೆ ಬರಲ್ಲ ಮೆಂಬರ್. ತಪ್ಪಾದ್ರೆ ಏನು ಗತಿ ಅಂತ ಮೊದಲು ಯೋಚನೆ ಬರುತ್ತೆ. ನಿಮಗೆ ಹೇಳಿ, ನೀವು ಬೇಡ ಅಂದು, ಆಮೇಲೆ ನಾನು ಅಂಕ ಹಾಕಿದ್ರೆ? ನೀವು ಹೂಂ ಅಂದು, ಆಮೇಲೆ ಹಾಕಿದ್ರೆ? ಎರಡು ದಾರಿನೂ ನಿಮಗೇ ಕೆಡುಕು. ಎಷ್ಟು ಯೋಚನೆ ಮಾಡಿದ್ರೂ…"

"ಈಗ ಅಂಕ ಬಂದಾಯ್ತು."

"ಹೌದು."

"ನೀವು ಕೊಟ್ಟಿದ್ದಲ್ಲ. ನಾನೇ ತಗೊಂಡದ್ದು."

"ಹೌದು. ನೀವೇ ತಗೊಂಡದ್ದು."

"ಅದನ್ನ ಯಾರಾದ್ರೂ ಬೇರೆ ಥರ ಹೇಳಿದ್ರೆ, ಫೈಲ್ ತೋರಿಸ್ತೀನಿ. ನಿಮ್ಮ ಅಕ್ಷರಾನೇ ನನಗೆ ಸಾಕ್ಷಿ. ನನ್ನ ತಪ್ಪು ಏನೂ ಇಲ್ಲ ಅಂತ ಗೆರೆ ಬೇರೆ ಎಳೆದಿದ್ದೀರಿ." ಅವಳು ಬಗ್ಗಿ ಬಿದ್ದ ಫಲಕಗಳನ್ನು ಆರಿಸತೊಡಗಿದಳು. ಅವರೂ ಬಗ್ಗಿದರು. ಸೂಲಗಿತ್ತಿಯ ಫಲಕಕ್ಕೆ ಇಬ್ಬರ ಕೈಯೂ ಒಟ್ಟಿಗೆ ಹೋಯಿತು. ಯಾರೂ ಬಿಡಲಿಲ್ಲ.

"ನಾನು ಹೋಗ್ತೀನಿ," ಅವಳು ನೆಲದ ಮೇಲೆ ಕೂತಲ್ಲಿಂದಲೇ ಹೇಳಿದಳು. "ಆರು ತಿಂಗಳು. ನಿಮಗೋಸ್ಕರ ಒಂದು ದಿನಾನೂ ಕಡಿಮೆ ಮಾಡಲ್ಲ."

"ಮಾಡಿದ್ರೆ ನಾನೇ ಡೈರೆಕ್ಟರ್ ಮೇಡಂಗೆ ದೂರು ಕೊಡ್ತೀನಿ."

"ಕೊಡ್ತೀರಿ, ಗೊತ್ತು." ಅವಳು ನಕ್ಕಳು. ಅವರ ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ಈ ಸಲ ಸುತ್ತ ನೋಡುವವರು ಯಾರೂ ಇರಲಿಲ್ಲ. ಅವಳು ಒಂದೇ ಬೆರಳಿನಿಂದ ಅದನ್ನು ಮೇಲೇರಿಸಿದಳು. ಮೇಷ್ಟ್ರು ಕಣ್ಣು ಮಿಟುಕಿಸದೆ ಹಾಗೇ ಕೂತಿದ್ದರು, ಅಲುಗಾಡಿದರೆ ಆ ಬೆರಳು ಹೋಗಿಬಿಡುತ್ತದೆಂಬಂತೆ.

"ನನ್ನದೂ ಹೇಳಿಬಿಡ್ತೀನಿ," ಎಂದಳು. "ನನಗೆ ಚೆಂದ ಮಾಡಿ ಹೇಳೋಕೆ ಬರಲ್ಲ. ಬಂದ ಮೇಲೆ ನೀವು ನನಗೆ ಬೇಕು."

ಅವರು ಬಾಯಿ ತೆರೆದರು.

"ಆದ್ರೆ ಅಂತ ಶುರು ಮಾಡ್ಬೇಡಿ."

ಬಾಯಿ ಮುಚ್ಚಿದರು. ಆಮೇಲೆ ತುಂಬ ನಿಧಾನವಾಗಿ, "ಹೂಂ," ಎಂದರು.

ಸಾಲು ಮುಗಿಸಿ ಇಬ್ಬರೂ ಕೆಳಗಿಳಿದಾಗ ವಕೀಲರು ಗೇಟಿನ ಬಳಿ ಆಟೋಗೆ ಕಾಯುತ್ತಿದ್ದರು. ಒಬ್ಬರನ್ನು ನೋಡಿ, ಇನ್ನೊಬ್ಬರನ್ನು ನೋಡಿ, "ಏನಾಯ್ತು ಕೇಸು?" ಎಂದರು.

"ರಾಜಿ ಆಯ್ತು," ಮೆಂಬರಮ್ಮ ಹೇಳಿದಳು.

"ಛೇ. ಇಂಥ ಒಳ್ಳೆ ಕೇಸನ್ನ ಹೊರಗೇ ಮುಗಿಸಿಬಿಟ್ರಲ್ಲ. ವಿಮಾನದಲ್ಲಿ ಆದ್ರೂ ಪೂರ್ತಿ ಹೇಳ್ಬೇಕು, ನನ್ನ ಸೀಟು ನಿಮ್ಮ ಪಕ್ಕದ್ದೇ."

ಅಮ್ಮನಿಗೆ ಸುದ್ದಿ ಹೇಳಬೇಕಿತ್ತು. ಮೇಷ್ಟ್ರೂ ಬಂದು ಹೇಳುವುದೇ ಸರಿ ಎಂದು ಅವಳು ಬಸ್ ನಿಲ್ದಾಣದಲ್ಲಿ ತೀರ್ಮಾನಿಸಿದಳು. ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇತ್ತು. ಅವಳು ಕೂತಳು, ಅವರು ಮೇಲಿನ ಕಂಬಿ ಹಿಡಿದು ನಿಂತರು. ಸ್ವಲ್ಪ ದೂರ ಹೋದ ಮೇಲೆ ಬಗ್ಗಿ ಮೆಲ್ಲಗೆ, "ನೀವು ಹೊರಡೋಕೆ ಹದಿನೇಳು ದಿನ ಇದೆ," ಎಂದರು. ಮುಂದಿನ ತಿರುವಿನಲ್ಲಿ ಮತ್ತೆ ಬಗ್ಗಿ, "ಇವತ್ತಿಂದನ್ನೂ ಸೇರಿಸಿದ್ರೆ ಹದಿನೆಂಟು," ಎಂದು ತಿದ್ದಿದರು.

ಮೆಂಬರಮ್ಮ ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದಳು. ಎಷ್ಟು ದಿನ ಉಳಿದಿದೆ, ಎಷ್ಟು ತಿಂಗಳು ಕಳೆಯಬೇಕು ಎಂದು ಅವಳು ಎಣಿಸಲಿಲ್ಲ. ಎಣಿಸುವ ಕೆಲಸಕ್ಕೆ ಈಗ ಒಬ್ಬರಿದ್ದರು.